ದಂಡನಾಯಕರ ಎಡಗಾಲು

ನೆಪೋಲಿಯನ್ನನ ಯುದ್ಧಗಳ ಕಾಲ. ಗಂಡಸರೆಲ್ಲ ಬಿಗಿಯಾದ ಬಿಳಿ ಕಾಲುಚೀಲ ತೊಟ್ಟು, ಮೀನಖಂಡ ತೋರಿಸಿಕೊಂಡು ಬೀಗುತ್ತಿದ್ದರು. ನಮ್ಮೂರ ದಂಡನಾಯಕರಿಗೆ ಹೊಟ್ಟೆಯೇನೋ ಗುಡಾಣದಷ್ಟಿತ್ತು, ಕಾಲು ಮಾತ್ರ ಕಡ್ಡಿ. ಅದಕ್ಕೇ ಕಾಲುಚೀಲ ಹೆಣೆಯುವ ನಾನು ಉಣ್ಣೆ ತುಂಬಿದ ಎರಡು ಮೆತ್ತೆ ಹೊಲಿದುಕೊಟ್ಟಿದ್ದೆ. ಕಾಲುಚೀಲದೊಳಗೆ ತೂರಿಸಿದರೆ ಮೀನಖಂಡ ಸಿದ್ಧ. ಈ ಗುಟ್ಟು ಅವರನ್ನು ಬಿಟ್ಟರೆ ನನಗೂ, ಅವರಿಗೆ ದಿನಾ ಉಡುಪು ತೊಡಿಸುವ ನನ್ನ ತಮ್ಮನಿಗೂ ಮಾತ್ರ ಗೊತ್ತಿತ್ತು. ಬಾಯಿಬಿಟ್ಟರೆ ಜೈಲು.

ಕವಾಯತಿನ ದಿನ ಬೆಳಗ್ಗೆಯೇ ಪತ್ತೇದಾರ ನನ್ನ ಅಂಗಡಿಗೆ ನುಗ್ಗಿದ.

"ನಿನ್ನ ತಮ್ಮನ್ನ ಕೂಡಿಹಾಕಿದೀವಮ್ಮ. ದಂಡನಾಯಕರದ್ದೊಂದು ವಸ್ತು ಕದ್ದಿದಾನಂತೆ. ಮಧ್ಯಾಹ್ನದೊಳಗೆ ಸಿಗದಿದ್ರೆ ಯುದ್ಧಕ್ಕೆ ಹೋಗೋ ಬಂಡಿ ಹತ್ತಿಸ್ತಾರೆ."

"ಯಾವ ವಸ್ತು ಸ್ವಾಮಿ?"

"ಅದು ರಾಜ್ಯದ ಗುಟ್ಟು. ನನಗೂ ಹೇಳಿಲ್ಲ."

ತಾನು ಏನು ಹುಡುಕುತ್ತಿದ್ದೇನೆಂದೇ ಗೊತ್ತಿಲ್ಲದ ಪತ್ತೇದಾರನನ್ನು ನಾನು ನೋಡಿದ್ದು ಅವತ್ತೇ. ಉಣ್ಣೆಯ ಬುಟ್ಟಿಗಳನ್ನೆಲ್ಲ ಬೋರಲು ಹಾಕಿದ. ಹೆಣಿಗೆ ಕಡ್ಡಿ ಎತ್ತಿ "ಇದಾ?" ಎಂದು ನನ್ನ ಮುಖ ನೋಡಿದ. ಬೆಕ್ಕನ್ನೂ ಎತ್ತಿ ನೋಡಿದ. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆದರೆ ಆ ಬಂಡಿ ಹತ್ತಿದವರು ಒಬ್ಬರೂ ವಾಪಸು ಬಂದಿರಲಿಲ್ಲ.

"ನನ್ನ ತಮ್ಮ ಏನಂತಾನೆ?"

"ಒಂದೇ ರಾಗ. 'ಎರಡೂ ಹಾಕಿದೀನಿ, ಎರಡೂ ಹಾಕಿದೀನಿ' ಅಂತಾನೆ. ತಲೆಬುಡ ಗೊತ್ತಾಗ್ತಿಲ್ಲ."

ನನ್ನ ತಮ್ಮ ಸೋಮಾರಿ, ಮರೆಗುಳಿ, ಆದರೆ ಸುಳ್ಳುಗಾರನಂತೂ ಅಲ್ಲ. ಎರಡೂ ಹಾಕಿದ್ದರೆ ಎರಡೂ ದಂಡನಾಯಕರ ಮೈಮೇಲೇ ಇರಬೇಕು.

"ಅವನು ಉಡುಪು ತೊಡಿಸುವಾಗ ದಂಡನಾಯಕರು ಸುಮ್ನೆ ನಿಂತಿದ್ರಂತಾ?"

"ಎಲ್ಲಿ! ನಡುವೆ ಕನ್ನಡಿ ಕಡೆ ತಿರುಗಿಬಿಟ್ರಂತೆ."

ಅಷ್ಟು ಸಾಕಾಯಿತು. ತಿರುಗಿ ನಿಂತವರ ಬಲಗಾಲನ್ನೇ ಎಡಗಾಲೆಂದುಕೊಂಡು ಎರಡೂ ಮೆತ್ತೆ ಅದಕ್ಕೇ ತುರುಕಿದ್ದಾನೆ ಪೆದ್ದ! ಸೂಜಿ ದಾರ ಹಿಡಿದುಕೊಂಡು ಪತ್ತೇದಾರನ ಜೊತೆ ಓಡಿದೆ.

ದಂಡನಾಯಕರು ಎಡಗಾಲನ್ನು ಮೇಜಿನಡಿ ಬಚ್ಚಿಟ್ಟುಕೊಂಡು, ಸರಿಯಿದೆಯೆಂದುಕೊಂಡ ಬಲಗಾಲನ್ನು ಈಚೆ ಚಾಚಿ ಕೂತಿದ್ದರು. ಅದು ಕುಂಬಳಕಾಯಿಯಷ್ಟು ದಪ್ಪವಿತ್ತು. ಹೊಟ್ಟೆ ಅಡ್ಡವಿದ್ದುದರಿಂದ ಅವರಿಗೆ ಕಾಣುತ್ತಿರಲಿಲ್ಲ. ಸುತ್ತ ನಿಂತ ಆರು ಮಂದಿ ಅಧಿಕಾರಿಗಳಿಗೆ ಚೆನ್ನಾಗಿಯೇ ಕಂಡಿತ್ತು. ಆರೂ ಮಂದಿ ಸೂರು ನೋಡುತ್ತಿದ್ದರು.

"ಹೆಣಿಗೆ ಬಿಟ್ಟಿದೆ ಸ್ವಾಮಿ," ಎಂದು ಮೇಜಿನಡಿ ನುಸುಳಿ, ಬಲಗಾಲಿನದೊಂದು ಮೆತ್ತೆ ಎಳೆದು ಎಡಗಾಲಿಗೆ ತೂರಿಸಿದೆ. ದಂಡನಾಯಕರ ಮುಖ ಕೆಂಪಾಯಿತು.

"ವಸ್ತು ಸಿಕ್ತು," ಎಂದರು ಗಂಟಲು ಸರಿಮಾಡಿಕೊಂಡು. "ಆದ್ರೂ ಅವನನ್ನ ಬಂಡಿ ಹತ್ತಿಸಿ. ಹೊರಡಿಸಿದ ಆಜ್ಞೆ ಹಿಂದಕ್ಕೆ ತಗೊಳ್ಳಲ್ಲ."

ನನ್ನ ಪಿತ್ತ ನೆತ್ತಿಗೇರಿತು. ಜೈಲಾದರೆ ಆಗಲಿ ಎಂದುಕೊಂಡೆ.

"ಹಾಗೇ ಆಗ್ಲಿ ಸ್ವಾಮಿ. ಎಲ್ಲಿ ಸಿಕ್ತು ಅಂತ ಪತ್ತೇದಾರ್ರು ಬರ್ಕೋಬೇಕಲ್ಲ. ನೀವು ಹೇಳ್ತೀರಾ, ನಾನೇ ಹೇಳ್ಲಾ?"

ಪತ್ತೇದಾರ ಆಸೆಯಿಂದ ಲೇಖನಿಯನ್ನು ಶಾಯಿಗೆ ಅದ್ದಿದ.

"ಬಿಟ್ಬಿಡ್ರೋ ಅವನನ್ನ!" ಎಂದು ದಂಡನಾಯಕರು ಕಿರುಚಿದರು.

ತಮ್ಮ ಹೊರಗೆ ಬಂದಾಗ ಬೆನ್ನಿಗೊಂದು ಗುದ್ದಿದೆ. ಆಮೇಲೆ ತಬ್ಬಿಕೊಂಡು ಗೋಳೋ ಎಂದು ಅತ್ತೆ. ಪತ್ತೇದಾರನಿಗೆ ಪದಕ ಸಿಕ್ಕಿತು. ತಾನು ಪತ್ತೆ ಮಾಡಿದ್ದು ಏನನ್ನು ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಮಧ್ಯಾಹ್ನ ಆ ಬಂಡಿ ನಮ್ಮ ಅಂಗಡಿಯ ಮುಂದೆಯೇ ಹಾದುಹೋಯಿತು. ಅದರಲ್ಲಿ ಹನ್ನೊಂದು ಮಂದಿ ಇದ್ದರು. ಅವರಲ್ಲಿ ಯಾರೊಬ್ಬರ ಅಕ್ಕನಿಗೂ ದಂಡನಾಯಕರ ಕಾಲಿನ ಗುಟ್ಟು ಗೊತ್ತಿರಲಿಲ್ಲ.