ಎಣಿಕೆಯ ದಿನದ ರೈಲು

ಚಳಿಗೆ ಹಳಿ ಕುಗ್ಗುವಾಗ ಟಕ್ ಎಂದು ಸಣ್ಣ ಸದ್ದಾಗುತ್ತದೆ. ಕಿನೊಬೆತ್ಸು ನಿಲ್ದಾಣದ ಹಿಂದಿನ ಮನೆ ನಮ್ಮದು. ಆ ರಾತ್ರಿ ಸದ್ದಿಗೆ ನನಗೆ ಎಚ್ಚರವಾದಾಗ ಅಮ್ಮ ಆಗಲೇ ಎದ್ದು ಕೂತಿದ್ದಳು.

“ನಾಳೆ ತಲೆ ಎಣಿಸ್ತಾರಲ್ವೇನೆ, ಚಿಜುರು?”

“ಹ್ಞೂಂ. ಮಲಗಮ್ಮ.”

ಹೊಕ್ಕೈಡೊ ಕರಾವಳಿಯ ನಮ್ಮ ಒಂಟಿ ಬೋಗಿಯ ರೈಲನ್ನು ಉಳಿಸಬೇಕೋ ಬೇಡವೋ ಎಂದು ಆ ಒಂದು ದಿನದ ಪ್ರಯಾಣಿಕರನ್ನು ಎಣಿಸಿ ತೀರ್ಮಾನಿಸುವವರಿದ್ದರು. ಅಮ್ಮ ಡಯಾಲಿಸಿಸ್‌ಗೆ ಪಟ್ಟಣಕ್ಕೆ ಹೋಗಿಬರುವುದು ಇದರಲ್ಲೇ. ಬಸ್ಸಿಲ್ಲ. ಹಿಮದಲ್ಲಿ ಕಾರು ಓಡಿಸುವ ಧೈರ್ಯ ನನಗಿಲ್ಲ. ರೈಲು ನಿಂತರೆ ಅವಳನ್ನು ಪಟ್ಟಣದ ಆರೈಕೆ ಕೇಂದ್ರಕ್ಕೆ ಸೇರಿಸಬೇಕು. ಅಲ್ಲಿಂದ ಯಾರೂ ಊರಿಗೆ ಮರಳಿದ್ದನ್ನು ನಾನು ಕಂಡಿಲ್ಲ.

ಬೆಳಿಗ್ಗೆ ಅಮ್ಮ ಒಬ್ಬಳೇ ನಿಲ್ದಾಣಕ್ಕೆ ನಡೆದಳು. ಪತ್ರಿಕೆಗೆ ಫೋಟೋ ತೆಗೆಯಲು ರೈಲು ಉಳಿಸುವ ಸಮಿತಿಯ ಕುರಮೊತೊ ನನ್ನನ್ನು ಸೇತುವೆಯಾಚೆಯ ತಿರುವಿಗೆ ಕರೆದಿದ್ದರು. ಹೋಗಿ ನೋಡಿದರೆ ಇಡೀ ಊರು ಅಲ್ಲಿತ್ತು. ಬಲೆ ತುಂಬಿದ ದಿನ ದೋಣಿಗೆ ಏರಿಸುವ ಬಣ್ಣದ ಬಾವುಟಗಳನ್ನು ಹಿಡಿದು ನಿಂತಿದ್ದರು.

“ನೀವ್ಯಾರೂ ರೈಲು ಹತ್ತಿಲ್ವಾ?”

“ನಾವೆಲ್ಲ ಹತ್ತಿದ್ರೆ ನಿಮ್ಮಮ್ಮ ನಿಂತ್ಕೊಂಡು ಹೋಗ್ಬೇಕಾಗುತ್ತಲ್ಲಮ್ಮ,” ಎಂದರು ಕುರಮೊತೊ. “ಮೇಲಿನ ಊರುಗಳೋರು ಹತ್ತಿರ್ತಾರೆ ಬಿಡು.”

“ಇವರೊಬ್ಬರಿಗೇ ಎರಡು ಸೀಟು ಬೇಕು,” ಎಂದು ಮೀನಂಗಡಿಯ ಸವಾಕೊ ಅವರ ಹೊಟ್ಟೆ ತೋರಿಸಿದಳು. ಎಲ್ಲರೂ ನಕ್ಕರು.

ಮೇಲಿನ ಊರುಗಳವರೂ ಹೀಗೇ ಜಾಗ ಬಿಟ್ಟುಕೊಟ್ಟಿದ್ದರೆ? ಕೇಳಲು ಹೊತ್ತು ಮೀರಿತ್ತು. ಕ್ಯಾಮೆರಾದೊಳಗೆ ಬರಿಯ ಹಳಿ, ಅದರ ಅಂಚಿನಲ್ಲಿ ಹಿಮ. ಶಾಲೆಗೆ, ಕಾಲೇಜಿಗೆ, ಅಪ್ಪನ ಬೂದಿಯನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ, ಈ ಹಳಿಯ ಮೇಲೆಯೇ ಓಡಾಡಿದ್ದೇನೆ. ಒಳಗೆ ಕೂತಾಗ ಅದು ಒಮ್ಮೆಯೂ ಕಂಡಿರಲಿಲ್ಲ.

ರೈಲು ಬಂತು. ಬಾವುಟಗಳು ಎದ್ದವು. ಕಿಟಕಿಗಳ ತುಂಬ ಬಣ್ಣ, ಮುಖ, ಕೈ.

“ತುಂಬಿದೆ! ತುಂಬಿದೆ!” ಕುರಮೊತೊ ಗಳಗಳನೆ ಅತ್ತರು.

ಮನೆಗೆ ಬಂದು ಫೋಟೋವನ್ನು ದೊಡ್ಡದು ಮಾಡಿದೆ. ಕಿಟಕಿಯ ಗಾಜಿನಲ್ಲಿದ್ದದ್ದು ನಮ್ಮದೇ ಪ್ರತಿಬಿಂಬ. ಅದರ ಹಿಂದೆ ಅಮ್ಮನ ಬಿಳಿ ತಲೆ, ಪಕ್ಕದಲ್ಲಿ ಎಣಿಸಲು ಬಂದಿದ್ದ ಹೆಂಗಸು. ಉಳಿದ ಸೀಟುಗಳೆಲ್ಲ ಖಾಲಿ.

ಸಂಜೆ ಅಮ್ಮ ಬೂಟು ಬಿಚ್ಚುತ್ತಲೇ ಶುರು ಮಾಡಿದಳು. “ಹೋಗ್ತಾನೂ ಬರ್ತಾನೂ ನಾನೊಬ್ಬಳೇ ಕಣೆ. ಎಲ್ರೂ ನಂಗೋಸ್ಕರ ಜಾಗ ಬಿಟ್ಟಿದ್ರು, ಪಾಪ. ಎಣಿಸೋಳಿಗೆ ಒಂದು ಅನ್ನದುಂಡೆ ಕೊಟ್ಟೆ. ಆಚೆ ಅಷ್ಟು ಜನಾನ ಅವಳೂ ನೋಡಿದ್ಳಲ್ಲ, ಇನ್ನೆಲ್ಲಿ ನಿಲ್ಲಿಸ್ತಾರೆ?”

ಎಣಿಸುವುದು ಒಳಗೆ ಕೂತವರನ್ನು ಮಾತ್ರ. ಅವಳ ಬೂಟು ತೆಗೆದು ಒಲೆಯ ಬಳಿ ಒಣಗಲಿಟ್ಟೆ.

ಫೋನು ಬಂತು. ಕುರಮೊತೊ. “ಹೇಗ್ ಬಂದಿದೆಯಮ್ಮ ಫೋಟೋ?”

“ಚೆನ್ನಾಗಿ ಬಂದಿದೆ.”

ತೀರ್ಮಾನ ಹೊರಬೀಳುವುದು ಹಿಮ ಕರಗಿದ ಮೇಲೆ. ಅದು ಏನೆಂದು ನನಗೀಗಲೇ ಗೊತ್ತು. ಗಾಜಿನಲ್ಲಿ ಕಂಡದ್ದನ್ನು ಅಲ್ಲಿಯವರೆಗೂ, ಆಮೇಲೂ, ಯಾರಿಗೂ ಹೇಳುವುದಿಲ್ಲ.