ಸೊನ್ನೆ ತೆಗೆದ ಮಾವ

ಅವನಿಗೆ ಕುಕ್ಕರ್ ಎಂದು ಹೆಸರಿಟ್ಟವಳು ಅವನ ಸ್ವಂತ ಅಕ್ಕ. ಕೂಗುತ್ತಾನೆ, ಆವಿ ಬಿಡುತ್ತಾನೆ, ಆಮೇಲೆ ತಣ್ಣಗಾಗಿ ಅಡುಗೆಮನೆಯಲ್ಲೇ ಬಿದ್ದಿರುತ್ತಾನೆ ಎಂಬುದು ಅವಳ ವಿವರಣೆ. ಎಂಟನೇ ಕ್ಲಾಸಿನಲ್ಲಿ ಮೇಷ್ಟರ ಜೊತೆ ಜಗಳವಾಡಿ ಪುಸ್ತಕದ ಚೀಲವನ್ನು ಅಲ್ಲೇ ಬಿಸಾಕಿ ಬಂದವನು, ಆಮೇಲೆ ಗ್ಯಾರೇಜು, ಗೋದಾಮು, ಬೇಕರಿ ಎಂದು ಎಲ್ಲೆಲ್ಲಿ ಸೇರಿದನೋ ಅಲ್ಲೆಲ್ಲ ಮಾಲೀಕರ ಮುಖಕ್ಕೇ ಇದ್ದದ್ದನ್ನು ಇದ್ದ ಹಾಗೆ ಹೇಳಿ ಹೊರಗೆ ಬಿದ್ದಿದ್ದ. ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಸುಳ್ಳು ಹೇಳಿದ್ದರೆ ಯಾರೂ ಅವನನ್ನು ಕೆಲಸದಿಂದ ತೆಗೆಯುತ್ತಲೂ ಇರಲಿಲ್ಲ.

ಅಂಥವನಿಗೆ ಬೈಯುವುದಕ್ಕೇ ಸಂಬಳ ಕೊಡುವ ಕೆಲಸವೊಂದು ಸಿಕ್ಕಿತು.

ಕಾಲೇಜಿನ ಮೂರನೇ ಮಹಡಿಯಲ್ಲಿ ಮನಶ್ಶಾಸ್ತ್ರದವರ ಜಾಗ. ಅಲ್ಲಿನ ಮೇಡಂ ಸಿಟ್ಟಿನ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಊರನ್ನು ಹೊಳೆ ಎರಡು ಭಾಗ ಮಾಡಿತ್ತು. ಈಚೆ ದಡದವರು ಮಾರ್ಕೆಟ್ಟಿನ ಜನ, ಮಾತಾಡಿದರೆ ಜಗಳವೋ ಎನ್ನಿಸುವಂಥವರು. ಆಚೆ ದಡದವರು ಜಗಳವಾಡಿದರೂ ಮಾತುಕತೆಯೋ ಎನ್ನಿಸುವಂಥವರು. ಒಂದೇ ನೀರು ಕುಡಿಯುವವರ ಸಿಟ್ಟು ಹೀಗೇಕೆ ಬೇರೆ ಬೇರೆ ಎಂಬುದು ಮೇಡಂ ತಲೆಗೆ ಹತ್ತಿದ ಹುಳ.

ಏರ್ಪಾಡು ಸರಳವಾಗಿತ್ತು. ಜ್ಞಾಪಕಶಕ್ತಿಯ ಪರೀಕ್ಷೆ ಎಂದು ಜನರನ್ನು ಕರೆಸುವುದು. ಮೊದಲ ಕೋಣೆಯಿಂದ ಎರಡನೆಯದಕ್ಕೆ ಹೋಗಲು ಇಕ್ಕಟ್ಟಾದ ಒಂದು ಓಣಿ. ಹಳೆಯ ಕುರ್ಚಿಗಳನ್ನು ಗೋಡೆಗೆ ಪೇರಿಸಿ ಇನ್ನಷ್ಟು ಇಕ್ಕಟ್ಟು ಮಾಡಿದ್ದರು. ಅಲ್ಲಿ ಎದುರಿನಿಂದ ಬರುವ ಕುಕ್ಕರ್ ಭುಜಕ್ಕೆ ಭುಜ ಗುದ್ದಿ, ಒಂದು ಮಾತು ಬೈದು ಮುಂದೆ ಹೋಗಬೇಕು. ಎರಡನೇ ಕೋಣೆಯಲ್ಲಿ ಕಾಣದ ಎದುರಾಳಿಯ ಜೊತೆ ಒಂದು ಆಟ. ಗೆದ್ದವರು ಗುಂಡಿ ಒತ್ತಿ ಸೋತವನ ಕಿವಿಗೆ ಹಾರ್ನ್ ಬಾರಿಸಬಹುದು. ಎಷ್ಟು ಹೊತ್ತು ಒತ್ತಿದರೋ ಅಷ್ಟು ಅವರ ಸಿಟ್ಟು. ಎದುರಾಳಿ ಎಂಬುವನು ಇರಲೇ ಇಲ್ಲ. ಹಾರ್ನ್ ಖಾಲಿ ಕೋಣೆಯೊಂದರಲ್ಲಿ ಬಡಕೊಳ್ಳುತ್ತಿತ್ತು. ಕೊನೆಗೆ ಮೇಡಂ ನಿಜ ಹೇಳುವರು, ಕುಕ್ಕರ್ ಬಂದು ಕೈಕುಲುಕಿ ಕ್ಷಮೆ ಕೇಳುವನು.

ಬೈಗುಳ ಆರಿಸುವುದಕ್ಕೇ ಒಂದು ವಾರ ಹಿಡಿದಿತ್ತು.

“ಎರಡೂ ದಡದವರಿಗೆ ಒಂದೇ ಮಟ್ಟಕ್ಕೆ ಚುಚ್ಚಬೇಕು,” ಎಂದಿದ್ದರು ಮೇಡಂ. “ಅಪ್ಪ ಅಮ್ಮನ ಸುದ್ದಿ ಬೇಡ. ಹೊಲಸು ಮಾತು ಬೇಡ. ಪ್ರಾಣಿಗಳೂ ಬೇಡ.”

“ಅದೆಲ್ಲ ಬಿಟ್ರೆ ಉಳಿಯೋದು ತರಕಾರಿ ಮಾತ್ರ ಮೇಡಂ.”

ಕೊನೆಗೆ ‘ಕಣ್ಣೇನು ಜೇಬಲ್ಲಿಟ್ಕೊಂಡಿದೀಯೇನೋ’ ಎಂಬುದು ಗಟ್ಟಿಯಾಯಿತು. ಕುಕ್ಕರನ ಪ್ರಕಾರ ಅದು ಬೈಗುಳವೇ ಅಲ್ಲ, ವಿಚಾರಣೆ.

ಈಚೆ ದಡದವರು ಹಾರ್ನ್ ಗುಂಡಿಯ ಮೇಲೆ ಬೆರಳಿಟ್ಟರೆ ತೆಗೆಯುತ್ತಲೇ ಇರಲಿಲ್ಲ. ಆದರೆ ನಿಜ ತಿಳಿದೊಡನೆ “ಭಡವಾ, ಏನು ಗುದ್ದಿದ್ಯೋ” ಎಂದು ಬೆನ್ನಿಗೆ ನಾಲ್ಕು ಬಾರಿಸಿ ನಗುತ್ತ ಹೋಗುತ್ತಿದ್ದರು. ಆಚೆಯವರು ಗುಂಡಿಯನ್ನು ಸುಮ್ಮನೆ ಮುಟ್ಟಿ ಕೈ ತೆಗೆಯುತ್ತಿದ್ದರು. ಕೆಲವರದು ಪೂರಾ ಸೊನ್ನೆ.

“ಅವ್ರಿಗೆ ಸಿಟ್ಟೇ ಬರಲ್ಲ ಮೇಡಂ. ಸೊನ್ನೆ ಅಂದ್ರೆ ಸೊನ್ನೆ.”

“ಹಾರ್ನಲ್ಲಿ ಸೊನ್ನೆ,” ಎಂದರು ಮೇಡಂ. “ಒಳಗೆಷ್ಟಿದೆ, ಅದು ಎಲ್ಲಿಂದ ಹೊರಗೆ ಬರತ್ತೆ ಅಂತ ನನಗಿನ್ನೂ ಸಿಕ್ಕಿಲ್ಲ.”

ಜಾಸ್ತಿ ಓದಿದರೆ ಹೀಗೇ, ಸೊನ್ನೆಯ ಒಳಗೂ ಕೈ ಹಾಕಿ ಹುಡುಕುತ್ತಾರೆ ಎಂದುಕೊಂಡ ಕುಕ್ಕರ್. ಅವನ ಮಟ್ಟಿಗೆ ಆಚೆ ದಡದವರು ದೇವತೆಗಳು. ಅದಕ್ಕೆ ಬೇರೆ ಕಾರಣವೂ ಇತ್ತು. ಅವನು ಮದುವೆಯಾಗಬೇಕೆಂದಿದ್ದ ಹುಡುಗಿ ಆಚೆ ದಡದವಳು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಅವಳದು. ಸೂಜಿ ಚುಚ್ಚುವ ಮೊದಲೇ ಇವನು ಕಿರುಚಿದ್ದಕ್ಕೆ ಅವಳು ನಕ್ಕಿದ್ದು, ಇವನು ರೇಗಿದ್ದು, ಅಲ್ಲಿಂದ ಶುರು. ಅವಳನ್ನು ಸೂಜಿ ಎಂದೇ ಕರೆಯುತ್ತಿದ್ದ. ಅವಳಪ್ಪನಿಗೆ ಸೇತುವೆಯ ಆ ತುದಿಯಲ್ಲಿ ಕನ್ನಡಕದ ಅಂಗಡಿ. ‘ಹುಡುಗ ತುಂಬ ಶಾಂತ ಸ್ವಭಾವದವನು, ಕಾಲೇಜಿನಲ್ಲಿ ಕೆಲಸ’ ಎಂದು ಅವಳು ಮನೆಯಲ್ಲಿ ಹೇಳಿಯಾಗಿತ್ತು. ಭಾನುವಾರ ಬಂದು ಮುಖ ತೋರಿಸಲಿ ಎಂದು ಅಪ್ಪನ ಅಪ್ಪಣೆಯೂ ಆಗಿತ್ತು.

ಆ ವಾರ ಗುರುವಾರ ಓಣಿಯ ಆ ತುದಿಯ ಬಾಗಿಲು ತೆರೆಯಿತು. ಹೊರಗೆ ಬಂದವರು ಕನ್ನಡಕದ ಅಂಗಡಿಯವರು.

ಕುಕ್ಕರ್ ಅವರನ್ನು ಅಂಗಡಿಯ ಗಾಜಿನಾಚೆಯಿಂದ ಎಷ್ಟೋ ಸಲ ನೋಡಿದ್ದ. ಅವರು ಇವನನ್ನು ನೋಡಿರಲಿಲ್ಲ. ಆಗಲೇ ಅವನು ನಡೆಯತೊಡಗಿದ್ದ, ತಿರುಗಿ ಓಡುವ ಹಾಗಿಲ್ಲ, ಓಣಿಯ ಗೋಡೆಗೆ ಕೂರಿಸಿದ್ದ, ಹಿಂದಿನಿಂದ ನೋಡಿದರೆ ಎಲ್ಲ ಕಾಣುವ ಕನ್ನಡಿಯ ಆಚೆಯಿಂದ ಮೇಡಂ ನೋಡುತ್ತಿದ್ದರು. ಹಿಂದಿನ ವಾರ ವಯಸ್ಸಾದ ಟೀಚರೊಬ್ಬರನ್ನು ಪಾಪ ಎಂದು ಗುದ್ದದೆ ಬಿಟ್ಟಿದ್ದಕ್ಕೆ ಅವರು ಅಂದಿದ್ದರು: “ಬೇಕಾದವರನ್ನ ಬಿಟ್ಟು ಬೇಡದವರನ್ನ ಗುದ್ದಿದ್ರೆ ಅದು ಸಂಶೋಧನೆ ಅಲ್ಲ, ಜಗಳ. ಇನ್ನೊಂದ್ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋತೀನಿ.” ಕೆಲಸ ಹೋದರೆ ಭಾನುವಾರ ಯಾವ ಮುಖ ತೋರಿಸುವುದು? ಗುದ್ದಿದರೆ ಈ ಮುಖ ಹೇಗೆ ತೋರಿಸುವುದು? ಯೋಚಿಸಲು ಓಣಿ ಅಷ್ಟು ಉದ್ದವಿರಲಿಲ್ಲ. ಮೆಲ್ಲಗೆ ಗುದ್ದಿಬಿಡೋಣ ಎಂದುಕೊಂಡ. ಗಾಬರಿಯಲ್ಲಿ ಎಂದೂ ಗುದ್ದದಷ್ಟು ಜೋರಾಗಿ ಗುದ್ದಿದ. ಅವರ ಕನ್ನಡಕ ನೆಲಕ್ಕೆ ಬಿತ್ತು.

“ಕಣ್ಣೇನು ಜೇಬಲ್ಲಿಟ್ಕೊಂಡಿದೀಯೇನೋ?” ಎಂದಿತು ಅವನ ಬಾಯಿ.

ಅವರು ಬಗ್ಗಿ ಕನ್ನಡಕ ಎತ್ತಿಕೊಂಡು, ಒರೆಸಿ, ಹಾಕಿಕೊಂಡು ಅವನನ್ನು ಚೆನ್ನಾಗಿ ನೋಡಿದರು. “ಕ್ಷಮಿಸಿ. ನಿಮಗೆ ಪೆಟ್ಟಾಗ್ಲಿಲ್ಲ ತಾನೆ?” ಎಂದರು.

ಹಾರ್ನ್ ಬಾರಿಸಲೇ ಇಲ್ಲ. ಸೊನ್ನೆ. ಕೊನೆಗೆ ನಿಜ ತಿಳಿಸಿ ಕೈಕುಲುಕುವಾಗಲೂ ಅವರ ಮುಖದ ನಗು ಅಲುಗಲಿಲ್ಲ. “ಬಿಡಿ ಬಿಡಿ, ನಿಮ್ಮ ಕೆಲಸ ನೀವು ಮಾಡಿದ್ರಿ. ತುಂಬಾ ಚೆನ್ನಾಗಿ ಮಾಡಿದ್ರಿ.”

ಕುಕ್ಕರ್ ಗಾಳಿಯಲ್ಲಿ ತೇಲುತ್ತ ಸೂಜಿಗೆ ಫೋನ್ ಮಾಡಿದ. “ನಿಮ್ಮಪ್ಪ ದೇವರು ಕಣೇ. ಸೊನ್ನೆ ತೆಗೆದ್ರು.”

ಸೂಜಿ ಎಲ್ಲ ಕೇಳಿಸಿಕೊಂಡಳು. ಆಮೇಲೆ, “ಕ್ಷಮಿಸಿ ಅಂದ್ರಾ?” ಎಂದು ಕೇಳಿದಳು.

“ಅಂದ್ರು.”

“ಹೊಗಳಿದ್ರಾ?”

“ತುಂಬಾ ಚೆನ್ನಾಗಿ ಮಾಡಿದ್ರಿ ಅಂದ್ರು.”

“ಹೊಗಳಿದ್ದೂ ಆಯ್ತಾ. ಹಾಗಾದ್ರೆ ಮುಗೀತು ನಮ್ಮ ಕಥೆ.” ಅವಳ ದನಿ ಸಣ್ಣಗಾಯಿತು. “ನಮ್ಮ ಚಿಕ್ಕಪ್ಪ ಯಾವತ್ತೋ ಅಪ್ಪನಿಗೆ ಒಂದು ಮಾತು ಅಂದುಬಿಟ್ಟಿದ್ರು. ಇವತ್ತಿಗೂ ಅವರು ಬಂದ್ರೆ ಅಪ್ಪ ಬಾಗಿಲ ತನಕ ಹೋಗಿ ಕರ್ಕೊಂಡು ಬಂದು ಒಳ್ಳೇ ಕುರ್ಚಿ ಹಾಕ್ತಾರೆ. ಪಾಪ, ಚಿಕ್ಕಪ್ಪ ಬರೋದೇ ಬಿಟ್ರು. ಕಣ್ಣಿನ ವಿಷಯ ಬೇರೆ ಎತ್ತಿದೀಯ ಮಾರಾಯ, ಅದೂ ಕನ್ನಡಕದವರ ಹತ್ರ.”

“ಅದು ನಾನಂದಿದ್ದಲ್ವಲ್ಲೇ, ಮೇಡಂ ಅನ್ನಿಸಿದ್ದು.”

“ಅಪ್ಪನಿಗೆ ಕೇಳ್ಸಿದ್ದು ನಿನ್ನ ಬಾಯಿಂದ.”

ಭಾನುವಾರ ಬಾಗಿಲು ತೆಗೆದವರು ಅವರೇ. ಅವನನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಓಹೋ, ತಾವಾ. ಬನ್ನಿ, ಬನ್ನಿ.” ಒಳ್ಳೆಯ ಕುರ್ಚಿ ಬಂತು. ಬೆನ್ನಿಗೆ ದಿಂಬು ಬಂತು. ಫ್ಯಾನು ಅವನ ಕಡೆ ತಿರುಗಿತು. ಸೂಜಿಯ ಅಮ್ಮ ಕಾಫಿ ತಂದರೆ, ಸಕ್ಕರೆ ಸಾಕೋ, ಬಿಸಿ ಹೆಚ್ಚಾಯಿತೋ ಎಂದು ಅವರೇ ವಿಚಾರಿಸಿದರು. ಅವನ ಕೆಲಸದ ಬಗ್ಗೆ, ಮನೆಯ ಬಗ್ಗೆ, ಮದುವೆಯ ಬಗ್ಗೆ ಒಂದೇ ಒಂದು ಪ್ರಶ್ನೆಯಿಲ್ಲ. ಒಂದೊಂದು ಉಪಚಾರವೂ ಒಂದೊಂದು ಇಟ್ಟಿಗೆ. ನೋಡನೋಡುತ್ತ ಇಬ್ಬರ ನಡುವೆ ಗೋಡೆ ಎದೆಮಟ್ಟಕ್ಕೆ ಬಂತು. ಶಾಂತ ಸ್ವಭಾವದ ಹುಡುಗನಾಗಿ ಕುಕ್ಕರ್ ಹಲ್ಲು ಕಚ್ಚಿ ‘ಪರವಾಗಿಲ್ಲ ಸಾರ್, ಸಾಕು ಸಾರ್’ ಎನ್ನುತ್ತ ಈ ಕಡೆಯಿಂದ ತಾನೂ ಇಟ್ಟಿಗೆ ಎತ್ತಿಕೊಟ್ಟ.

“ಬಹಳ ಸಂತೋಷವಾಯ್ತು,” ಎಂದು ಅವರು ಎದ್ದರು. “ಈ ಕಡೆ ಯಾವಾಗಾದ್ರೂ ಬಂದ್ರೆ ಖಂಡಿತ ಬನ್ನಿ.”

ಅಡುಗೆಮನೆಯ ಬಾಗಿಲಲ್ಲಿ ನಿಂತ ಸೂಜಿ ಕಣ್ಣೊರೆಸಿಕೊಂಡಳು. ಅದನ್ನು ನೋಡಿದ್ದೇ ತಡ, ಅವನ ಸೀಟಿ ಕೂಗಿತು.

“ಬರಲ್ಲ ಸಾರ್. ಎಲ್ಲಿಗ್ ಬರ್ಲಿ? ಬಾಗಿಲು ಹಾಕೋದನ್ನ ಬಾಗಿಲು ತೆಗೆದ ಹಾಗೆ ಮಾಡ್ತಿದೀರಲ್ಲ. ನಾನು ಗುದ್ದಿದೆ. ಬೈದೆ. ಸಂಬಳಕ್ಕೆ ಮಾಡಿದೆ, ಆದ್ರೂ ನಿಮಗೆ ನೋವಾಯ್ತು. ನೋವಾದ್ರೆ ಬೈರಿ. ಕತ್ತು ಹಿಡಿದು ಆಚೆ ದಬ್ಬಿ. ಈ ದಿಂಬು ಕೊಟ್ಟು ಸಾಯಿಸ್ಬೇಡಿ. ನಮ್ಮ ಕಡೆ ಕಳ್ಳನಿಗೂ ಇಷ್ಟು ಹಿಂಸೆ ಕೊಡಲ್ಲ.”

ಶಾಂತ ಸ್ವಭಾವ ಅಲ್ಲಿಗೆ ಮುಗಿಯಿತು. ಕನ್ನಡಕದವರ ಮುಖ ಕೆಂಪಾಯಿತು. ತುಟಿ ಎರಡು ಸಲ ತೆರೆದು ಮುಚ್ಚಿತು, ಗಂಟಲಿಗೆ ಅಭ್ಯಾಸವಿರಲಿಲ್ಲ.

“ಈ ಊರಿನ ಅರ್ಧ ಜನದ ಕಣ್ಣಿಗೆ,” ಎಂದು ಶುರುಮಾಡಿದ ದನಿ ನಡುವೆ ಒಡೆದು ಕೀಚಲಾಯಿತು, “ಗಾಜು ಹಾಕ್ಕೊಟ್ಟವನು ನಾನು. ನನಗೆ ಕೇಳ್ತೀರಾ, ಕಣ್ಣು ಜೇಬಲ್ಲಿ ಅಂತ. ತಾವು... ತಾವು ಕತ್ತೆ. ದಯವಿಟ್ಟು ತಿಳ್ಕೊಳ್ಳಿ, ತಾವು ದೊಡ್ಡ ಕತ್ತೆ.”

ಸೂಜಿಯ ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದರು. ನಗು ಸೆರಗನ್ನು ದಾಟಿ ಬಂತು.

“ಆ ದಯವಿಟ್ಟು ಬಿಡಿ ಸಾರ್,” ಎಂದ ಕುಕ್ಕರ್. “ಹೊಟ್ಟೆಯಿಂದ ಬರ್ಲಿ.”

“ಕತ್ತೆ.”

“ಹಾಂ.”

“ಕತ್ತೆ ಭಡವ. ತಲೆ ಇಲ್ಲದವನೇ. ನನ್ನ ಕನ್ನಡಕ ಬೀಳಿಸಿ ಎತ್ತಿಕೊಡೋಕೂ ಬಗ್ಗಲಿಲ್ಲವಲ್ಲೋ, ನಿನ್ನ ಬೆನ್ನಿಗೇನು ಗಾರೆ ಹಾಕಿದಾರಾ?”

ಪಕ್ಕದ ಮನೆಯಾಕೆ ಕಿಟಕಿಯಲ್ಲಿ ತಲೆ ಹಾಕಿದರು. “ಏನಾಯ್ತು, ಯಾರಾದ್ರೂ ಬಿದ್ರಾ?”

“ಇಲ್ಲ ಕಣ್ರೀ, ನಮ್ಮವ್ರು ಬೈತಿದಾರೆ,” ಎಂದರು ಸೂಜಿಯ ಅಮ್ಮ.

“ಯಾರು, ಅವ್ರಾ?” ಆಕೆ ಒಲೆ ಆರಿಸಿ ಬಂದು, ಖಾಲಿಯಾಗಿದ್ದ ಒಳ್ಳೆಯ ಕುರ್ಚಿಯಲ್ಲಿ ಕೂತು ನೋಡತೊಡಗಿದರು.

ಬೈದು ಬೈದು ಕನ್ನಡಕದವರಿಗೆ ಬೆವರಿಳಿಯಿತು. ಕುಕ್ಕರ್ ಕುಡಿಯದೆ ಬಿಟ್ಟಿದ್ದ ತಣ್ಣನೆಯ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದರು. ಹೊಸ ಚಪ್ಪಲಿ ಹಾಕಿಕೊಂಡು ನಡೆದು ನೋಡಿದವರ ಅನುಮಾನದ ಸಂತೋಷ ಅವರ ಮುಖದಲ್ಲಿತ್ತು.

“ಮುಗೀತಾ ಮಾವ?” ಬಾಯಿ ಜಾರಿತ್ತು.

“ಮಾವನಂತೆ. ಇನ್ನೂ ಅರ್ಧ ಬೈದಿಲ್ಲ. ಈಗ ಗಂಟಲು ಕಟ್ಟಿದೆ, ನಾಳೆ ಅಂಗಡಿ ತೆಗೆಯೋ ಹೊತ್ತಿಗೆ ಬಾ.” ಮಗಳ ಕಡೆ ತಿರುಗಿದರು. “ಶಾಂತ ಸ್ವಭಾವ ಅಂದಿದ್ಯಲ್ಲ, ನಿನಗೆ ನಾಳಿದ್ದು.”

ಮಾರನೆಯ ದಿನ ಕುಕ್ಕರ್ ಮೇಡಂ ಬಳಿ ರಜೆ ಕೇಳಿದ. ಬೈಸಿಕೊಳ್ಳಲು ಹೋಗಬೇಕು ಎಂದಾಗ ಅವರು ಪೂರ್ತಿ ಕಥೆ ಕೇಳಿಸಿಕೊಂಡು, ತಾವೂ ಬರಬಹುದೇ ಎಂದರು. ಅವನು ಬೇಡ ಎಂದ. ಅಂಗಡಿ ತೆಗೆಯುವ ಹೊತ್ತಿಗೆ ಒಬ್ಬನೇ ಹೋದ. ಗಿರಾಕಿ ಬಂದರೆ ಮಾವ ಬೈಗುಳ ನಿಲ್ಲಿಸಿ ‘ಬನ್ನಿ, ಕೂತ್ಕೊಳ್ಳಿ’ ಎನ್ನುವರು, ಹೋದೊಡನೆ ಬಿಟ್ಟಲ್ಲಿಂದ ಮತ್ತೆ ಶುರು. ಮಧ್ಯಾಹ್ನದ ಹೊತ್ತಿಗೆ ಸರಕು ಖಾಲಿಯಾಗಿ, ಮಾತು ಮದುವೆಯನ್ನು ಯಾವ ದಡದಲ್ಲಿ ಮಾಡುವುದು ಎಂಬಲ್ಲಿಗೆ ಬಂದು ನಿಂತಿತು. ಈಚೆ ಎಂದು ಅಳಿಯ, ಆಚೆ ಎಂದು ಮಾವ. ಇಬ್ಬರ ಗಂಟಲೂ ಏರಿತು. ಎದುರಿನ ಅಂಗಡಿಯವರು ಕೆಲಸ ಬಿಟ್ಟು ಹೊರಗೆ ಬಂದು ನಿಂತರು. ಆ ಬೀದಿಯಲ್ಲಿ ಅಂಥ ಜಗಳವನ್ನು ಅವರು ಯಾರೂ ಕಂಡಿರಲಿಲ್ಲ.