ಮೂರನೇ ಮೂಲೆಯ ನಲವತ್ತು ಡಿಗ್ರಿ

ಕಂಟ್ರೋಲ್ ರೂಮಿನವರು ಆಕೆಗೆ ಇಟ್ಟ ಹೆಸರು ತಕರಾರಮ್ಮ. ಬಾಗಿಲ ಮೇಲೆ ಸುರಕ್ಷತಾ ವಿಶ್ಲೇಷಕಿ ಅಂತ ಫಲಕವಿದ್ದರೂ ಅಷ್ಟುದ್ದ ಕರೆಯೋಕೆ ಯಾರಿಗೆ ಪುರಸೊತ್ತು? ವಿಕಿರಣ ಸೂಸುವ ತ್ಯಾಜ್ಯವನ್ನು ಗಾಜಿನ ಪುಡಿಯ ಜೊತೆ ಕುಲುಮೆಯಲ್ಲಿ ಕರಗಿಸಿ, ಉಕ್ಕಿನ ಡಬ್ಬಿಗೆ ಸುರಿದು, ಗಟ್ಟಿಯಾದ ಮೇಲೆ ಭದ್ರವಾಗಿ ಮುಚ್ಚಿಡುವುದು ಆ ಕಾರ್ಖಾನೆಯ ಕೆಲಸ. ಗಾಜು ಚೆನ್ನಾಗಿ ಬೆರೆತು ಕರಗಿದ್ದರೆ ಮುಂದೆ ಎಂದಾದರೂ ನೀರು ತಾಗಿದರೂ ಒಳಗಿನ ವಿಷವನ್ನು ಬಿಟ್ಟುಕೊಡುವುದಿಲ್ಲ. ಚೆನ್ನಾಗಿಯೇ ಕರಗಿದೆ ಅಂತ ಪ್ರತಿ ಡಬ್ಬಿಗೂ ಬರೆದುಕೊಡುವುದು ತಕರಾರಮ್ಮನ ಕೆಲಸ.

ಅವತ್ತು ಬೆಳಿಗ್ಗೆ ರಿಪೇರಿ ವಿಭಾಗದ ಚೀಟಿ ನೋಡಿ ಆಕೆಗೆ ತಲೆ ಕೆಟ್ಟುಹೋಯಿತು. ಕುಲುಮೆಯ ಮೂರನೇ ಮೂಲೆಗೆ ಹೊಸ ಉಷ್ಣಮಾಪಕ ಹಾಕಿದ್ದರು. ಅದು ತೋರಿಸಿದ್ದು ಸಾವಿರದ ನೂರ ಹತ್ತು ಡಿಗ್ರಿ. ಅದೇ ಗಳಿಗೆಯಲ್ಲಿ ಆಕೆಯ ಕಂಪ್ಯೂಟರಿನಲ್ಲಿ ಅದೇ ಮೂಲೆ ಸಾವಿರದ ನೂರೈವತ್ತು ಅನ್ನುತ್ತಿತ್ತು. ಸಾವಿರದ ನೂರಿಪ್ಪತ್ತಕ್ಕಿಂತ ಇಳಿದರೆ ತ್ಯಾಜ್ಯ ಬಿಡುವ ಕೊಳವೆ ತಾನಾಗಿಯೇ ಮುಚ್ಚಿಕೊಳ್ಳಬೇಕು. ಮಧ್ಯಾಹ್ನ ಹನ್ನೆರಡಕ್ಕೆ ತ್ಯಾಜ್ಯದ ಹೊಸ ಕಂತು ಬಿಡುವುದೆಂದು ನಿಗದಿಯಾಗಿತ್ತು.

ರಿಪೇರಿಯವರಿಗೆ ಫೋನ್ ಮಾಡಿದರೆ ನಮ್ಮ ಮಾಪಕ ಸರಿ ಇದೆ, ಕಂಪ್ಯೂಟರಿನವರನ್ನು ಕೇಳಿ ಅಂದರು. ಕಂಪ್ಯೂಟರಿನವರು ನಮಗೆ ಬಂದಿದ್ದನ್ನೇ ತೋರಿಸುತ್ತೇವೆ, ಕಂಟ್ರೋಲ್ ರೂಮನ್ನು ಕೇಳಿ ಅಂದರು. ದೊಡ್ಡ ಸಾಹೇಬರಂತೂ ಮಾತು ಮುಗಿಸೋಕೂ ಬಿಡಲಿಲ್ಲ. ಉಳಿದ ಮೂರು ಮೂಲೆಯ ಮಾಪಕ ಸರಿ ಇವೆಯಲ್ಲ, ಒಂದಕ್ಕೆ ಇಷ್ಟು ರಾದ್ಧಾಂತ ಯಾಕೆ, ಕೊನೇ ಗಳಿಗೆಯಲ್ಲಿ ಕಾಲಿಗೆ ಅಡ್ಡ ಬರಬೇಡಿ ಅಂತ ಫೋನ್ ಇಟ್ಟೇಬಿಟ್ಟರು. ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ಜಾರಿಸುವುದರಲ್ಲೇ ಹನ್ನೊಂದಾಯಿತು. ಆಕೆಗೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ಎಳೆದುಕೊಂಡು, ಎದೆಗೆ ವಿಕಿರಣ ಅಳೆಯುವ ಬಿಲ್ಲೆ ಸಿಕ್ಕಿಸಿಕೊಂಡು, ದಡದಡ ಮೆಟ್ಟಿಲಿಳಿದಳು.

ಕಂಟ್ರೋಲ್ ರೂಮಿನ ಯಜಮಾನಿಕೆ ಆಕೆಯ ಭಾವನದು, ಅಂದರೆ ಅಕ್ಕನ ಗಂಡನದು. ಆಕೆ ಹನ್ನೊಂದು ವರ್ಷದವಳಿದ್ದಾಗ ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟವರೇ ಅವರು. ಅವರ ಎದುರಿನ ಫಲಕದಲ್ಲಿ ಮೂರನೇ ಮೂಲೆಯ ಅಂಕಿಯ ಕೆಳಗೆ ಹಳದಿಗಟ್ಟಿದ ಚೀಟಿಯೊಂದು ಅಂಟಿತ್ತು: ‘ಇದು ಕಡಿಮೆ ತೋರಿಸುತ್ತೆ. ನಲವತ್ತು ಸೇರಿಸಿದೆ.’

ಭಾವ ಏನನ್ನೂ ಮುಚ್ಚಿಡಲಿಲ್ಲ. ಮೂರು ವರ್ಷದ ಹಿಂದೆ ಉಳಿದ ಮೂರು ಮಾಪಕ ಒಂದು ಹೇಳಿದರೆ ಇದೊಂದು ನಲವತ್ತು ಕಮ್ಮಿ ಹೇಳುತ್ತಿತ್ತಂತೆ. ಸುಮ್ಮಸುಮ್ಮನೆ ಕೊಳವೆ ಮುಚ್ಚಿಕೊಂಡು ಕೆಲಸ ಕೆಡುತ್ತಿತ್ತಂತೆ. ಕೆಟ್ಟಿದೆ ಅಂತ ನಲವತ್ತು ಸೇರಿಸಿದರು. ಈ ವಾರ ಹೊಸದು ಬಂತು, ಅದೂ ನಲವತ್ತು ಕಮ್ಮಿಯೇ ಹೇಳಿತು. ಆ ಜಾಗದ ಗುಣವೇ ಹಾಗೆ ಅಂದುಕೊಂಡು ಸೇರಿಸಿದ್ದನ್ನು ಹಾಗೇ ಬಿಟ್ಟರು.

ಅಯ್ಯೋ ಕರ್ಮವೇ ಅಂದುಕೊಂಡಳು ತಕರಾರಮ್ಮ.

“ಭಾವ, ಹಳೇದು ಸುಳ್ಳು ಹೇಳ್ತಿತ್ತು ಅಂತಲೇ ಇಟ್ಟುಕೊಳ್ಳಿ. ಪರೀಕ್ಷೆ ಮಾಡಿ ಹಾಕಿದ ಹೊಸದು ಬಂದು ಅದೇ ಸುಳ್ಳನ್ನ, ಅಷ್ಟೇ ಲೆಕ್ಕಕ್ಕೆ ಹೇಳುತ್ತಾ?”

ಲೆಕ್ಕದಲ್ಲಿ ತಪ್ಪು ಸಿಕ್ಕಾಗ ಹಣೆ ಉಜ್ಜಿಕೊಳ್ಳುವುದು ಭಾವನ ಹಳೇ ಅಭ್ಯಾಸ. ಈಗಲೂ ಉಜ್ಜಿಕೊಂಡರು. ಆಮೇಲೆ ಯಾರನ್ನೂ ಕೇಳದೆ ಸೇರಿಸಿದ್ದ ನಲವತ್ತನ್ನು ತೆಗೆದುಹಾಕಿದರು. ಅಂಕಿ ಸಾವಿರದ ನೂರ ಹತ್ತಕ್ಕೆ ಇಳಿಯಿತು. ಕೆಂಪು ದೀಪ ಹತ್ತಿ ಕೊಳವೆ ಮುಚ್ಚಿಕೊಂಡಿತು. ದೊಡ್ಡ ಸಾಹೇಬರಿಗೆ ಅವರೇ ಫೋನ್ ಮಾಡಿ ಇವತ್ತು ಕಂತು ಇಲ್ಲ, ಮೂರನೇ ಮೂಲೆ ನಿಜವಾಗಿಯೂ ತಣ್ಣಗಿದೆ ಅಂದರು. ಅತ್ತ ಕಡೆಯ ಕೂಗಾಟ ರೂಮಿಗೆಲ್ಲ ಕೇಳಿಸಿತು.

ಗೆದ್ದೆ ಅಂತ ಸಮಾಧಾನಪಡಲಿಕ್ಕೆ ಆಕೆಗೆ ಒಂದು ನಿಮಿಷವೂ ಸಿಗಲಿಲ್ಲ. ಮೂರು ವರ್ಷ. ಇಪ್ಪತ್ತಾರು ಡಬ್ಬಿ. ಒಂದೊಂದರಲ್ಲೂ ಆ ಮೂಲೆಯ ಗಾಜು ಅರೆಬರೆ ಕರಗಿರಬಹುದು. ಒಂದೊಂದಕ್ಕೂ ಒಪ್ಪಿಗೆಯ ಸಹಿ ಹಾಕಿದವಳು ತಾನು, ಈ ನಲವತ್ತು ಸೇರಿದ ಅಂಕಿಯನ್ನೇ ನಂಬಿಕೊಂಡು.

“ಮೂರು ವರ್ಷ ಭಾವ! ಒಂದು ಮಾತು ನನಗೆ ಹೇಳಬಾರದಿತ್ತಾ?”

ಭಾವ ಗದರಲಿಲ್ಲ. ಗದರಿದ್ದರೆ ತಡೆದುಕೊಳ್ಳಬಹುದಿತ್ತು.

“ಎಲ್ಲರಿಗೂ ಕಾಣೋ ಹಾಗೆ ಅಂಟಿಸಿದ್ದೆನಮ್ಮ. ಮೂರು ವರ್ಷದಲ್ಲಿ ನೀನು ಈ ರೂಮಿಗೆ ಬಂದಿದ್ದು ಇವತ್ತೇ.”

ಭಾವ ಇರುವ ಕಡೆ ಸುಳಿದಾಡಿದರೆ ನಾದಿನಿಗೆ ದಾಕ್ಷಿಣ್ಯ ಅಂತ ಜನ ಆಡಿಕೊಳ್ಳುತ್ತಾರೆಂದು ಆಕೆ ತನ್ನ ಮೇಲಿನ ಕೋಣೆ ಬಿಟ್ಟು ಕದಲಿರಲಿಲ್ಲ. ನಾನು ಅಂಕಿಗಳನ್ನಷ್ಟೇ ನೋಡುತ್ತೇನೆ, ಮುಖಗಳನ್ನಲ್ಲ ಅಂತ ಹೆಮ್ಮೆಯಿಂದ ಹೇಳಿಕೊಂಡೂ ಇದ್ದಳು. ಎಂಥಾ ಹೆಮ್ಮೆಯೋ ಏನೋ.

ಡಬ್ಬಿಗಳ ಪಟ್ಟಿ ಕೊಡಿ ಅಂತ ಕೇಳಿದಳು. ಭಾವ ತಮ್ಮ ಕುರ್ಚಿಯನ್ನೂ ಬಿಟ್ಟುಕೊಟ್ಟರು. ಆಕೆ ಕೂತು, ಮೊದಲನೇ ಡಬ್ಬಿಯ ಸಂಖ್ಯೆ ಬರೆದು, ಅದರ ಎದುರಿಗೆ ‘ನನ್ನ ಒಪ್ಪಿಗೆ ತಪ್ಪಾಗಿತ್ತು, ಹಿಂದಕ್ಕೆ ಪಡೆದಿದ್ದೇನೆ’ ಎಂದು ಬರೆದು ಸಹಿ ಹಾಕಿದಳು. ಇನ್ನೂ ಇಪ್ಪತ್ತೈದು ಬಾಕಿ ಇದ್ದವು.